ಬಿತ್ತುವವರನ್ನು ಓಡಿಸಿ ಗಿಡ ನೆಡುವ ನಾವು

ಮುಂಡಾಜೆ, ಕಕ್ಕಿಂಜೆ, ನೆರಿಯ ಕಡೆಯ ತೋಟಗಳಲ್ಲಿ ಬೆಳಿಗ್ಗೆ ಎದ್ದು ಹಣ್ಣಡಿಕೆ ಹೆಕ್ಕುವುದು ಹಳೆಯ ವಾಡಿಕೆ. ರಾತ್ರಿ ಬಾವಲಿಗಳು ಗೊನೆಯಿಂದ ಹಣ್ಣು ಕಿತ್ತು, ಬೇರೊಂದು ಮರಕ್ಕೆ ಒಯ್ದು, ತಲೆಕೆಳಗಾಗಿ ನೇತಾಡುತ್ತ ಸಿಪ್ಪೆಯ ಸಿಹಿಯನ್ನಷ್ಟೇ ಚೀಪಿ ಅಡಿಕೆಯನ್ನು ಕೆಳಗೆ ಬೀಳಿಸುತ್ತವೆ. ಹೀಗೆ ಬಿದ್ದದ್ದನ್ನು ಹೆಕ್ಕಿ ಬುಟ್ಟಿ ತುಂಬಿಸುವ ಮಕ್ಕಳು ಬಾವಲಿಯನ್ನು ಬೈದದ್ದನ್ನು ನಾನು ಕೇಳಿಲ್ಲ. ಕೊಯ್ಲಿನ ಕೂಲಿ ಉಳಿಯಿತೆಂದು ನಗುವ ಹಿರಿಯರೂ ಇದ್ದಾರೆ. ಎಲ್ಲ ಅಡಿಕೆಯೂ ಕೈಗೆ ಸಿಗುವುದಿಲ್ಲ. ಕೆಲವು ಅಗಳಿನ ಆಚೆ ಸೊಪ್ಪಿನ ಗುಡ್ಡೆಯ ತರಗೆಲೆಯೊಳಗೆ ಸೇರಿ, ಮಳೆ ಹಿಡಿದ ಮೇಲೆ ಮೊಳೆತು, ಯಾರೂ ನೆಡದ ಅಡಿಕೆ ಸಸಿಗಳಾಗಿ ಎದ್ದು ನಿಲ್ಲುತ್ತವೆ. ಘಟ್ಟದ ಬುಡದಲ್ಲಿ ಬದುಕುವ ನಾವೆಲ್ಲರೂ ಇಂಥ ಸಸಿಗಳನ್ನು ಕಂಡಿದ್ದೇವೆ. ಕಂಡದ್ದರ ಅರ್ಥವನ್ನು ಮಾತ್ರ ಯೋಚಿಸಿದ್ದು ಕಡಿಮೆ.

ವನಮಹೋತ್ಸವದ ತಿಂಗಳು ಬಂದಾಗಲೆಲ್ಲ ಈ ಸಸಿಗಳ ನೆನಪಾಗುತ್ತದೆ. 1950ರಲ್ಲಿ ಕೇಂದ್ರ ಸಚಿವರಾಗಿದ್ದ ಕೆ. ಎಂ. ಮುನ್ಷಿಯವರು ಆರಂಭಿಸಿದ ಈ ಆಚರಣೆ ಇಂದಿಗೂ ಜುಲೈ ಮೊದಲ ವಾರ ತಪ್ಪದೆ ನಡೆಯುತ್ತದೆ. ಅದರ ಬಗ್ಗೆ ನಮಗೆ ಅಗೌರವವಿಲ್ಲ. ಆದರೆ 2019ರ ಆಗಸ್ಟ್ ತಿಂಗಳ ಮಳೆಗೆ ಚಾರ್ಮಾಡಿ ಘಾಟಿಯ ಇಳಿಜಾರುಗಳು ಕುಸಿದು, ಮೃತ್ಯುಂಜಯ ಹೊಳೆ ಮರಳು, ಬಂಡೆ, ದಿಮ್ಮಿಗಳನ್ನು ಹೊತ್ತು ತಂದು ತೋಟಗಳ ಮೇಲೆ ಸುರಿದ ಮೇಲೆ ಗಿಡ ನೆಡುವ ಉತ್ಸಾಹಕ್ಕೆ ಹೊಸ ರೂಪ ಬಂದಿದೆ. ಗಾಯಗೊಂಡ ಬೆಟ್ಟವನ್ನು ಮತ್ತೆ ಹಸಿರಾಗಿಸಬೇಕೆಂಬ ಕಾತರ ಸಹಜವಾದುದು, ಯೋಗ್ಯವಾದುದು. ಈ ಕಾತರದ ನಡುವೆ ಒಂದು ಪ್ರಶ್ನೆ ಮರೆತುಹೋಗುತ್ತಿದೆ. ಈ ಕಾಡನ್ನು ಮೊದಲು ನೆಟ್ಟವರು ಯಾರು? ಅವರು ಈಗ ಎಲ್ಲಿದ್ದಾರೆ?

ಗಾಳಿಯಲ್ಲಿ ಬೀಜ ಹಾರಿಸುವ ಮರಗಳು ನಮ್ಮಲ್ಲಿಲ್ಲವೆಂದಲ್ಲ. ಮತ್ತಿ, ನಂದಿ, ಕಿರಾಲ್‌ಬೋಗಿಗಳ ಬೀಜಗಳಿಗೆ ರೆಕ್ಕೆಗಳಿವೆ. ಆದರೆ ದಟ್ಟ ಮಳೆಕಾಡಿನೊಳಗೆ ಗಾಳಿಯ ಓಡಾಟವೇ ಕಡಿಮೆ. ಉಷ್ಣವಲಯದ ಮಳೆಕಾಡುಗಳಲ್ಲಿ ಶೇಕಡಾ 70ರಿಂದ 90ರಷ್ಟು ಮರಜಾತಿಗಳು ಬೀಜ ಪ್ರಸಾರಕ್ಕೆ ಪ್ರಾಣಿಪಕ್ಷಿಗಳನ್ನೇ ನಂಬಿವೆ ಎಂಬುದು ಸಸ್ಯಶಾಸ್ತ್ರದಲ್ಲಿ ಸಾಮಾನ್ಯವಾಗಿ ಒಪ್ಪಿತವಾದ ಅಂದಾಜು. ಹಣ್ಣಿನ ತಿರುಳು, ಬಣ್ಣ, ಸುವಾಸನೆ ಇವೆಲ್ಲ ಮರವು ಸಾಗಾಟಕ್ಕೆ ಕೊಡುವ ಕೂಲಿ. ನಾವು ಅದನ್ನು ನಮಗಾಗಿ ಇಟ್ಟ ಉಡುಗೊರೆ ಎಂದು ಭಾವಿಸಿದ್ದೇವೆ.

ಬೀಜ ತಾಯಿಮರದ ಬುಡದಿಂದ ದೂರ ಹೋಗಲೇಬೇಕೇಕೆ? ಮುಂಗಾರಿನ ಹೊತ್ತಿಗೆ ಹೆಬ್ಬಲಸಿನ ಮರದ ಕೆಳಗೆ ಹೋಗಿ ನೋಡಿದರೆ ಉತ್ತರ ಅಲ್ಲೇ ಇದೆ. ನೂರಾರು ಬೀಜಗಳು ಒತ್ತೊತ್ತಾಗಿ ಮೊಳೆತಿರುತ್ತವೆ. ಮರುವರ್ಷ ಅದೇ ಜಾಗದಲ್ಲಿ ಬೆರಳೆಣಿಕೆಯಷ್ಟು ಉಳಿದರೆ ಹೆಚ್ಚು. ತಾಯಿಮರದ ಸುತ್ತ ಅದೇ ಜಾತಿಯನ್ನು ಕಾಡುವ ಕೀಟಗಳು, ಶಿಲೀಂಧ್ರಗಳು, ಬೀಜ ಕೊರೆಯುವ ಹುಳುಗಳು ಹೊಂಚು ಹಾಕಿರುತ್ತವೆ. 1970ರಲ್ಲಿ ಡೇನಿಯಲ್ ಜಾನ್ಜನ್, 1971ರಲ್ಲಿ ಜೋಸೆಫ್ ಕಾನೆಲ್ ಎಂಬ ಇಬ್ಬರು ವಿಜ್ಞಾನಿಗಳು ಪ್ರತ್ಯೇಕವಾಗಿ ಮಂಡಿಸಿದ ವಿಚಾರವಿದು: ತಾಯಿಯಿಂದ ದೂರ ಹೋದ ಬೀಜಕ್ಕೆ ಬದುಕುವ ಅವಕಾಶ ಹೆಚ್ಚು, ಮತ್ತು ಹೀಗೆ ಚದುರುವುದರಿಂದಲೇ ಒಂದು ಎಕರೆ ಕಾಡಿನಲ್ಲಿ ಅಷ್ಟೊಂದು ಬಗೆಯ ಮರಗಳು ಒಟ್ಟಿಗೆ ಇರಲು ಸಾಧ್ಯ. ತೋಟದಲ್ಲಿ ಒಂದೇ ಜಾತಿಯನ್ನು ಸಾಲು ಹಿಡಿದು ನೆಟ್ಟು, ಕೊಳೆರೋಗಕ್ಕೂ ಎಲೆಚುಕ್ಕಿಗೂ ಔಷಧಿ ಸಿಂಪಡಿಸಿ ಬಸವಳಿದಿರುವ ನಮಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ.

ಇನ್ನು ಬಿತ್ತುವವರ ವಿಚಾರ. ಇವರೆಲ್ಲರೂ ಒಂದೇ ಕೆಲಸ ಮಾಡುವವರಲ್ಲ. ಪಿಕಳಾರ, ಕುಟುರಗಳು ಸಣ್ಣ ಬೀಜದವರು. ಅವುಗಳ ಗಂಟಲಲ್ಲಿ ಇಳಿಯುವುದು ಸುಮಾರು ಒಂದು ಸೆಂಟಿಮೀಟರಿನ ಆಚೀಚೆಯ ಬೀಜ. ವಿದ್ಯುತ್ ತಂತಿಯ ಕೆಳಗೆ, ಬೇಲಿಯ ಉದ್ದಕ್ಕೂ, ಗದ್ದೆಯ ನಡುವಿನ ಒಂಟಿಮರದ ಸುತ್ತ ತಾವಾಗಿ ಏಳುವ ಗಿಡಗಳ ಸಾಲು ಅವುಗಳ ಕೈಬರಹ. ಕರಿಮೆಣಸಿನ ಕಾಡುಬಳ್ಳಿ, ಶ್ರೀಗಂಧ, ಗೋಳಿ, ಉಪ್ಪಳಿಗೆ ಎಲ್ಲವೂ ಹೀಗೆ ಊರೂರು ತಿರುಗಿದವೇ. ಬಂದಳಿಕೆಯನ್ನು ಮರದಿಂದ ಮರಕ್ಕೆ ಹಬ್ಬಿಸುವ ಪುಟ್ಟ ಹಕ್ಕಿಯನ್ನು ನಮ್ಮ ಜನ ಬದನಿಕೆ ಎಂದೇ ಕರೆದಿದ್ದಾರೆ. ಬದನಿಕೆಯೆಂದರೆ ಬಂದಳಿಕೆಯೇ. ಗಿಡದ ಹೆಸರನ್ನು ಹಕ್ಕಿಗೆ ಇಟ್ಟವರಿಗೆ ಬೀಜ ಪ್ರಸಾರದ ಪಾಠ ಗೊತ್ತಿತ್ತು.

ಹಣ್ಣು ತಿನ್ನುವವರೆಲ್ಲ ಬಿತ್ತುವವರಲ್ಲ ಎಂಬುದನ್ನೂ ಹೇಳಬೇಕು. ಹಸಿರು ಪಾರಿವಾಳ ಅತ್ತಿ, ಆಲದ ಹಣ್ಣುಗಳನ್ನು ಆಸೆಯಿಂದ ತಿಂದರೂ ಅದರ ಹೊಟ್ಟೆಯ ಗಿರಣಿಯಲ್ಲಿ ಬೀಜ ಹಿಟ್ಟಾಗುತ್ತದೆ. ಗಿಳಿ ಬೀಜವನ್ನೇ ಒಡೆದು ತಿನ್ನುತ್ತದೆ. ಕೆಂಜಳಿಲು ಕೂಡ ಬಹುಮಟ್ಟಿಗೆ ಬೀಜ ತಿನ್ನುವ ಪ್ರಾಣಿಯೇ.

ದೊಡ್ಡ ಬೀಜದ ಮರಗಳ ಕಥೆ ಬೇರೆ. ರಾಮಪತ್ರೆ ಮತ್ತು ಅದರ ಬಳಗದ ಮರಗಳು, ರಾಳಧೂಪ ಮುಂತಾದವುಗಳ ಬೀಜ ಪಿಕಳಾರಕ್ಕೆ ನುಂಗಲಾಗದ ತುತ್ತು. ಅವುಗಳಿಗೆ ಮಂಗಟ್ಟೆಯೇ ಬೇಕು. ರಾಮಪತ್ರೆಯ ಕಾಯಿ ಬಿರಿದಾಗ ಒಳಗಿನ ಕೆಂಪು ಪತ್ರೆ ಹೊಳೆಯುವುದು ನಮ್ಮ ಅಡುಗೆಮನೆಯ ಮಸಾಲೆಗಾಗಿ ಅಲ್ಲ, ಮಂಗಟ್ಟೆಯ ಕಣ್ಣಿಗಾಗಿ. ಹಕ್ಕಿ ಬೀಜವನ್ನು ಇಡಿಯಾಗಿ ನುಂಗಿ, ಪತ್ರೆಯನ್ನು ಕರಗಿಸಿಕೊಂಡು, ಹೊತ್ತು ಕಳೆದ ಮೇಲೆ ಬೇರೆಲ್ಲೋ ಬೀಜವನ್ನು ಶುಚಿಯಾಗಿ ಉಗುಳುತ್ತದೆ. ಮುಂಡಾಜೆಯ ತೋಟದ ಅಂಚುಗಳಲ್ಲಿ ಗಹಗಹಿಸಿದಂತೆ ಕೂಗುವ ಬೂದು ಮಂಗಟ್ಟೆ ಪಶ್ಚಿಮಘಟ್ಟದಲ್ಲಿ ಬಿಟ್ಟರೆ ಜಗತ್ತಿನ ಇನ್ನೆಲ್ಲೂ ಇಲ್ಲ. ಕೊಂಬಿನಂಥ ಹಳದಿ ಶಿರದ ದೊಡ್ಡ ಮಂಗಟ್ಟೆಗೆ ಇನ್ನೂ ದೊಡ್ಡ ಕಾಡು, ಇನ್ನೂ ದೊಡ್ಡ ಮರ ಬೇಕು. ಹೆಣ್ಣು ಮಂಗಟ್ಟೆ ಮರದ ಪೊಟರೆಯೊಳಗೆ ಸೇರಿ, ಬಾಯನ್ನು ಮುಚ್ಚಿ, ಕೊಕ್ಕಿನಷ್ಟು ಸೀಳು ಮಾತ್ರ ಉಳಿಸಿ, ಮರಿಯಾಗುವ ತನಕ ಸ್ವಯಂ ಸೆರೆವಾಸದಲ್ಲಿರುತ್ತದೆ. ಅಷ್ಟೂ ದಿನ ಗಂಡು ಹಣ್ಣು ತಂದು ಉಣಿಸುತ್ತದೆ. ಪೊಟರೆಯನ್ನು ಸ್ವತಃ ಕೊರೆಯುವ ಶಕ್ತಿ ಈ ಹಕ್ಕಿಗಿಲ್ಲ. ಕೊಂಬೆ ಮುರಿದು, ಶಿಲೀಂಧ್ರ ತಿಂದು, ಮರಕುಟಿಗ ಕೊರೆದು ಹತ್ತಾರು ವರ್ಷಗಳಲ್ಲಿ ಆಗುವ ಪೊಟರೆಯೇ ಅದಕ್ಕೆ ಗತಿ. ‘ಟೊಳ್ಳು ಮರ, ಇದ್ದು ಏನು ಪ್ರಯೋಜನ’ ಎಂದು ನಾವು ಮೊದಲು ಕಡಿಯುವುದು ಅದನ್ನೇ.

ರಾತ್ರಿಪಾಳಿಯ ಕೆಲಸಗಾರರಲ್ಲಿ ಪುನುಗುಬೆಕ್ಕಿಗೆ ಮೊದಲ ಸ್ಥಾನ. ಘಟ್ಟದ ಮಳೆಕಾಡಿಗೆ ಮಾತ್ರ ಸೀಮಿತವಾದ ಕಂದು ಪುನುಗು ಐವತ್ತಕ್ಕೂ ಹೆಚ್ಚು ಜಾತಿಯ ಹಣ್ಣು ತಿನ್ನುತ್ತದೆಂದು ದಕ್ಷಿಣದ ಕಳಕ್ಕಾಡು–ಮುಂಡಂತುರೈ ಕಾಡಿನಲ್ಲಿ ಅಧ್ಯಯನ ಮಾಡಿದ ದಿವ್ಯಾ ಮುದ್ದಪ್ಪ ಮತ್ತು ಸಂಗಡಿಗರು ದಾಖಲಿಸಿದ್ದಾರೆ. ಮಾಂಸಾಹಾರಿಗಳ ಕುಲದಲ್ಲಿ ಹುಟ್ಟಿ ಹೆಚ್ಚುಕಡಿಮೆ ಫಲಾಹಾರಿಯಾಗಿ ಬಾಳುವ ಪ್ರಾಣಿ ಇದು! ಹಿಕ್ಕೆ ಹಾಕಲು ಅದು ಎತ್ತರದ ಜಾಗಗಳನ್ನೇ ಆರಿಸುತ್ತದೆ: ಬಿದ್ದ ದಿಮ್ಮಿ, ಬಂಡೆ, ನಮ್ಮ ತೋಟಗಳಲ್ಲಾದರೆ ಮುರಕಲ್ಲಿನ ಕಟ್ಟೆ. ಅಲ್ಲಿ ಬೈನೆಯ ಬೀಜಗಳ ಗುಡ್ಡೆಯನ್ನು ಕಂಡು ‘ಇದು ಯಾರ ಕಿತಾಪತಿ’ ಎಂದು ಮನೆಮಕ್ಕಳು ಕೇಳುತ್ತಾರೆ. ಊರಿನ ಬೈನೆಮರಗಳನ್ನು ಯಾರಾದರೂ ನೆಟ್ಟದ್ದು ನೆನಪಿದೆಯೇ ಎಂದು ಹಿರಿಯರನ್ನು ಕೇಳಿ ನೋಡಿ.

ಮಂಗ, ಸಿಂಗಳೀಕಗಳಿಗೆ ಕೆನ್ನೆಯೊಳಗೆ ಚೀಲವಿದೆ. ಅವಸರದಲ್ಲಿ ಹಣ್ಣು ತುಂಬಿಕೊಂಡು, ಸುರಕ್ಷಿತ ಜಾಗದಲ್ಲಿ ಕುಳಿತು ತಿರುಳು ತಿಂದು ಬೀಜ ಉಗುಳುವುದು ಅವುಗಳ ಕ್ರಮ. ಕಡವೆ, ಜಿಂಕೆಗಳು ಬಿದ್ದ ನೆಲ್ಲಿ, ಅಮಟೆಗಳನ್ನು ನುಂಗಿ ಮೆಲುಕು ಹಾಕುವಾಗ ಗೊರಟನ್ನು ಹೊರಹಾಕುತ್ತವೆ. ನೆಲದಲ್ಲಿ ಅಡ್ಡಾಡುವ ಬರಿಂಕ, ಹಲಸನ್ನು ಇಡಿಯಾಗಿ ಮುಗಿಸುವ ಆನೆ, ಹೀಗೆ ಪಟ್ಟಿ ಬೆಳೆಯುತ್ತದೆ. ಆನೆಯ ಹೆಸರು ಬಂದಾಗ ತೋಟ ಕಳೆದುಕೊಂಡವರ ಮುಖ ಕೆಂಪಾಗುವುದು ನನಗೆ ಗೊತ್ತು. ಆ ಮಾತಿಗೆ ಮುಂದೆ ಬರುತ್ತೇನೆ.

ಈ ವ್ಯವಸ್ಥೆಯನ್ನು ಬಿಟ್ಟು ನಾವು ಹಿಡಿದಿರುವ ಹಾದಿಗಳಲ್ಲೊಂದು ಬೀಜದುಂಡೆ. ಕೆಮ್ಮಣ್ಣು, ಗೊಬ್ಬರ ಕಲಸಿ, ನಡುವೆ ಬೀಜವಿಟ್ಟು, ಉಂಡೆ ಕಟ್ಟಿ ಒಣಗಿಸಿ, ಮಳೆಯ ಮೊದಲು ಕಾಡಿನಲ್ಲಿ ಎಸೆಯುವುದು. ಶಾಲೆಯ ಮಕ್ಕಳಿಗೆ ಇದು ಹಬ್ಬ. ಒಣನಾಡಿನ ಬಯಲಿಗೆ, ಗಟ್ಟಿ ಸಿಪ್ಪೆಯ ಬೀಜಗಳಿಗೆ ಇದರಿಂದ ಒಂದಿಷ್ಟು ಪ್ರಯೋಜನವಾದೀತು. ನಮ್ಮ ಮಳೆಕಾಡಿನ ಮರಗಳಿಗೆ ಮಾತ್ರ ಇದು ಹೊಂದುವುದಿಲ್ಲ. ಕಾರಣ ಸರಳ. ಭತ್ತ, ಉದ್ದು, ಹುರುಳಿಗಳಂತೆ ಒಣಗಿಸಿ ಡಬ್ಬಿಯಲ್ಲಿ ತುಂಬಿಡಬಹುದಾದ ಬೀಜಗಳು ಒಂದು ಬಗೆ. ಒಣಗಿದೊಡನೆ ಸಾಯುವ ಬೀಜಗಳು ಇನ್ನೊಂದು ಬಗೆ. ಹಲಸು, ಮಾವು, ಧೂಪ, ಬೋಗಿ, ರಾಮಪತ್ರೆ ಎರಡನೆಯ ಗುಂಪಿನವು. ವರ್ಷವಿಡೀ ತೇವವಿರುವ ನೆಲದಲ್ಲಿ ವಿಕಾಸಗೊಂಡ ಈ ಮರಗಳಿಗೆ ಬೀಜವನ್ನು ಕಾಪಿಡುವ ಪ್ರಮೇಯವೇ ಬಂದಿರಲಿಲ್ಲ. ಹಣ್ಣಿನಿಂದ ಹೊರಬಂದ ಬೀಜ ದಿನಗಳಲ್ಲಿ, ಹೆಚ್ಚೆಂದರೆ ಕೆಲವು ವಾರಗಳಲ್ಲಿ ನೆಲ ಹಿಡಿಯಬೇಕು. ಏಪ್ರಿಲ್ ಬಿಸಿಲಿನಲ್ಲಿ ಒಣಗಿಸಿದ ಉಂಡೆಯೊಳಗಿನ ಹಲಸಿನ ಬೀಜ ಸತ್ತ ಬೀಜ.

ಕೃಷಿ ವಿಜ್ಞಾನದಲ್ಲಿ ಸಂಶೋಧನೆ ಮಾಡಿದವನೆಂಬ ಹೆಸರಿದ್ದೂ ನಾನು ಒಂದು ಬೇಸಗೆಯಲ್ಲಿ ಮಕ್ಕಳೊಂದಿಗೆ ಕುಳಿತು ಇಂಥ ಉಂಡೆಗಳನ್ನು ಕಟ್ಟಿದ್ದೇನೆ. ಉತ್ಸಾಹಕ್ಕೆ ತಣ್ಣೀರು ಎರಚುವುದು ಬೇಡವೆಂದು ಸುಮ್ಮನಿದ್ದೆ. ಮಳೆಗಾಲ ಮುಗಿದ ಮೇಲೆ ಹೋಗಿ ನೋಡಿದಾಗ, ಉಂಡೆಯಿಂದ ಎದ್ದದ್ದೆಂದು ಖಚಿತವಾಗಿ ಹೇಳಬಹುದಾದ ಒಂದು ಹಲಸಿನ ಗಿಡವೂ ನನಗೆ ಸಿಗಲಿಲ್ಲ. ಅಲ್ಲೇ ಹತ್ತು ಹೆಜ್ಜೆ ದೂರದ ಬಂಡೆಯ ಬುಡದಲ್ಲಿ ಬೈನೆ, ನೇರಳೆ, ಪುನರ್ಪುಳಿಯ ಸಸಿಗಳು ಒಟ್ಟಾಗಿ ಎದ್ದಿದ್ದವು. ಅವುಗಳಿಗೆ ಬ್ಯಾನರ್ ಇರಲಿಲ್ಲ, ಛಾಯಾಚಿತ್ರವೂ ಇರಲಿಲ್ಲ. ಅಂದು ಸುಮ್ಮನಿದ್ದುದು ತಪ್ಪೆಂದು ಈಗ ಬರೆಯುತ್ತಿದ್ದೇನೆ.

ನೆಟ್ಟ ಕಾಡಿಗೂ ಬಿತ್ತುವವರಿಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ದೂರದ ಬ್ರೆಜಿಲ್‌ನಲ್ಲೊಂದು ನಿದರ್ಶನವಿದೆ. ರಿಯೊ ಡಿ ಜನೈರೊ ನಗರದ ಹಿಂದಿನ ಬೆಟ್ಟಗಳನ್ನು ಕಾಫಿಗಾಗಿ ಬೋಳಿಸಿದ ಪರಿಣಾಮವಾಗಿ ನಗರದ ನೀರಿನ ಸೆಲೆಗಳು ಬತ್ತತೊಡಗಿದವು. ಎಚ್ಚೆತ್ತ ಚಕ್ರವರ್ತಿ ಎರಡನೆಯ ಪೆದ್ರೊ 1861ರಲ್ಲಿ ಬೆಟ್ಟವನ್ನು ಮತ್ತೆ ಕಾಡಾಗಿಸಲು ಆಜ್ಞೆ ಮಾಡಿದ. ಮೇಜರ್ ಆರ್ಚರ್ ಎಂಬ ಅಧಿಕಾರಿಯ ಉಸ್ತುವಾರಿಯಲ್ಲಿ, ಗುಲಾಮರ ಕೈಗಳಿಂದ, ಹತ್ತಾರು ಸಾವಿರ ಸಸಿಗಳು ನಾಟಿಯಾದವು. ಇಂದು ಟಿಜುಕಾ ಎಂಬ ಹೆಸರಿನ ಆ ಕಾಡು ರಾಷ್ಟ್ರೀಯ ಉದ್ಯಾನ. ನೋಡಲು ದಟ್ಟ, ಹಸಿರು. ಆದರೆ ಮರಗಳು ಮರಳಿದರೂ ಪ್ರಾಣಿಗಳಲ್ಲಿ ಅನೇಕವು ಮರಳಲಿಲ್ಲ. ಸುತ್ತಲೂ ನಗರ ಬೆಳೆದುನಿಂತಿತ್ತು. ದೊಡ್ಡ ಬೀಜದ ಮರಗಳು ಹಣ್ಣು ಬಿಟ್ಟು, ಹಣ್ಣು ಬುಡದಲ್ಲೇ ಕೊಳೆತು, ಮುಂದಿನ ಪೀಳಿಗೆ ಕಾಣದೆ ನಿಂತವು. ಕೊನೆಗೆ ವಿಜ್ಞಾನಿಗಳು 2010ರಿಂದ ಅಗೂಟಿ ಎಂಬ ದಂಶಕವನ್ನು ಅಲ್ಲಿಗೆ ತಂದು ಬಿಡತೊಡಗಿದರು. ಮೊಲದಷ್ಟು ದೊಡ್ಡದಾದ ಈ ಪ್ರಾಣಿ ಬೀಜಗಳನ್ನು ಮುಂದಿನ ದಿನಗಳಿಗೆಂದು ನೆಲದಲ್ಲಿ ಹೂತಿಟ್ಟು, ಕೆಲವನ್ನು ಮರೆಯುತ್ತದೆ, ಮರೆತದ್ದು ಮರವಾಗುತ್ತದೆ. 2015ರಲ್ಲಿ ಕೂಗುಮಂಗಗಳೂ ಬಂದವು. ಮಂಗದ ಹಿಕ್ಕೆಯನ್ನು ಉರುಳಿಸಿಕೊಂಡು ಹೋಗುವ ಸಗಣಿಹುಳುಗಳು ಅದರೊಳಗಿನ ಬೀಜಗಳನ್ನು ಮಣ್ಣಿಗೆ ಸೇರಿಸುವ ಕೆಲಸವನ್ನು ಮತ್ತೆ ಕೈಗೆತ್ತಿಕೊಂಡವು. ನೀರಿಗಾಗಿ ಕಾಡು ನೆಟ್ಟವರು ಒಂದೂವರೆ ಶತಮಾನದ ನಂತರ ಕಾಡಿಗಾಗಿ ಮಂಗಗಳನ್ನು ತರಬೇಕಾಯಿತು. ನೇತ್ರಾವತಿಯ ಉಪನದಿಗಳ ನೀರು ಕುಡಿಯುವ ನಾವು, ಇರುವ ಮಂಗಗಳನ್ನು ಏನು ಮಾಡೋಣವೆಂದು ಚರ್ಚಿಸುತ್ತಿದ್ದೇವೆ.

1992ರಲ್ಲಿ ಕೆಂಟ್ ರೆಡ್‌ಫರ್ಡ್ ಎಂಬ ವಿಜ್ಞಾನಿ ‘ಬರಿದಾದ ಕಾಡು’ ಎಂಬ ಮಾತನ್ನು ಚಾಲ್ತಿಗೆ ತಂದರು. ಉಪಗ್ರಹದ ಚಿತ್ರದಲ್ಲಿ ಹಸಿರು ಹಾಗೆಯೇ ಇರುತ್ತದೆ, ಒಳಗೆ ಪ್ರಾಣಿಗಳಿರುವುದಿಲ್ಲ ಎಂಬುದು ಅದರ ಅರ್ಥ. ಇಂಥ ಕಾಡು ತಕ್ಷಣ ಸಾಯುವುದಿಲ್ಲ. ಮರದ ಆಯುಸ್ಸು ದೊಡ್ಡದು. ಮೆಲ್ಲಗೆ ಅದರ ಸ್ವರೂಪ ಬದಲಾಗುತ್ತದೆ. ದೊಡ್ಡ ಬೀಜದ ಮರಗಳು ಸಾಮಾನ್ಯವಾಗಿ ಗಟ್ಟಿ ಕಾಂಡದವು, ಹೆಚ್ಚು ಇಂಗಾಲ ಹಿಡಿದಿಡುವವು. ಅವು ಕಡಿಮೆಯಾದರೆ ಕಾಡಿನ ಇಂಗಾಲದ ಸಂಗ್ರಹವೇ ಕುಗ್ಗುತ್ತದೆಂದು ಬ್ರೆಜಿಲ್‌ನ ಅಟ್ಲಾಂಟಿಕ್ ಕಾಡಿನ ಬಗ್ಗೆ 2015ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಹವಾಮಾನ ಬದಲಾದಂತೆ ಗಿಡಮರಗಳು ತಮಗೆ ಹೊಂದುವ ತಾಣಗಳಿಗೆ ಸರಿಯಬೇಕು. ಪ್ರಾಣಿಪಕ್ಷಿಗಳ ನಷ್ಟದಿಂದ ಆ ಸಾಮರ್ಥ್ಯ ಜಗತ್ತಿನಾದ್ಯಂತ ಈಗಾಗಲೇ ಶೇಕಡಾ 60ರಷ್ಟು ಕುಗ್ಗಿದೆಯೆಂದು 2022ರ ಇನ್ನೊಂದು ಅಧ್ಯಯನ ಲೆಕ್ಕ ಹಾಕಿದೆ.

ಈಗ ರೈತನ ದೂರಿಗೆ ಬರೋಣ. ಎಳನೀರನ್ನೂ ಕೊಕ್ಕೋವನ್ನೂ ಬಾಳೆಯನ್ನೂ ಮಂಗಗಳು ಉಳಿಸುತ್ತಿಲ್ಲವೆಂಬುದು ಸತ್ಯ. ತೆಂಗಿನ ತೋಟವಿದ್ದೂ ಅಡುಗೆಗೆ ಅಂಗಡಿಯಿಂದ ಕಾಯಿ ತರುವ ಮನೆಗಳು ಘಟ್ಟದ ಬುಡದಲ್ಲಿವೆ. ಒಂದು ರಾತ್ರಿಯಲ್ಲಿ ಆನೆ ತುಳಿದುಹೋದ ಅಡಿಕೆ ಸಾಲನ್ನು ಮತ್ತೆ ಎಬ್ಬಿಸಲು ವರ್ಷಗಳು ಬೇಕು. ಈ ನೋವನ್ನು ಅರಿಯದೆ ಪ್ರಾಣಿದಯೆಯ ಉಪದೇಶ ಮಾಡುವ ನಗರದ ಬರಹಗಳನ್ನು ಓದುವಾಗ ನಮಗೂ ಸಿಟ್ಟು ಬರುತ್ತದೆ. ಹಾಗಾದರೆ ಪರಿಹಾರವೇನು? ಊರಲ್ಲಿ ಹಿಡಿದ ಮಂಗಗಳನ್ನು ಘಾಟಿಯಲ್ಲಿ ಬಿಟ್ಟು ಬರುವುದು ಒಬ್ಬರ ಸಂಕಟವನ್ನು ಇನ್ನೊಬ್ಬರ ಅಂಗಳಕ್ಕೆ ಸಾಗಿಸುವ ಉಪಾಯ ಅಷ್ಟೆ. ಶಿವಮೊಗ್ಗ ಜಿಲ್ಲೆಯಲ್ಲಿ ಕೆಲವು ವರ್ಷಗಳ ಹಿಂದೆ ಕೇಳಿಬಂದ ಮಂಗಗಳ ಉದ್ಯಾನದ ಪ್ರಸ್ತಾಪವೂ ಬೇರುಮೂಲವನ್ನು ಮುಟ್ಟುವಂಥದ್ದಲ್ಲ. ಚಾರ್ಮಾಡಿಯ ತಿರುವುಗಳಲ್ಲಿ ಕಾರು ನಿಲ್ಲಿಸಿ ಬಿಸ್ಕೆಟ್, ಚಿಪ್ಸ್ ಎಸೆಯುವ ಪ್ರವಾಸಿಗಳಂತೂ ಕಾಡಿನಲ್ಲಿ ಬೀಜ ಉಗುಳಬೇಕಾದ ಮಂಗವನ್ನು ರಸ್ತೆಬದಿಯ ಭಿಕ್ಷುಕನನ್ನಾಗಿ ಮಾಡಿದ್ದಾರೆ. ಡಾಂಬರಿನ ಮೇಲೆ ಉಗುಳಿದ ಬೀಜಕ್ಕೆ ಮೊಳಕೆಯಿಲ್ಲ.

ಕಾಡಿನಲ್ಲಿ ವರ್ಷದ ಹನ್ನೆರಡು ತಿಂಗಳೂ ಏನಾದರೊಂದು ಹಣ್ಣಿದ್ದರೆ ಪ್ರಾಣಿಗಳು ತೋಟಕ್ಕೆ ಬರುವುದೇ ಇಲ್ಲವೆಂದು ಹೇಳುವಷ್ಟು ನಾವು ಮುಗ್ಧರಲ್ಲ. ಒಮ್ಮೆ ಕೊಕ್ಕೋದ ರುಚಿ ಹತ್ತಿದ ಮಂಗ ಅದನ್ನು ಮರೆಯದು. ಆದರೆ ಹಣ್ಣಿನ ಮರಗಳನ್ನು ತೆಗೆದು ರಬ್ಬರ್ ಹಬ್ಬಿಸಿದ ಗುಡ್ಡದ ಪಕ್ಕದ ತೋಟಕ್ಕೆ ಒತ್ತಡ ಹೆಚ್ಚುವುದು ಎದುರಿಗೇ ಕಾಣುತ್ತಿದೆ. ಬೆಳೆಹಾನಿಯ ಪರಿಹಾರ ತಡವಿಲ್ಲದೆ, ಬೆಳೆಯ ನಿಜಬೆಲೆಗೆ ಹತ್ತಿರವಾಗಿ ಸಿಗಬೇಕು. ಮಂಗದ ಹಾನಿಯನ್ನು ಲೆಕ್ಕ ಹಾಕುವ ಸಮರ್ಪಕ ವಿಧಾನ ರೂಪುಗೊಳ್ಳಬೇಕು. ಇದನ್ನು ಕೇಳುವುದು ಪರಿಸರವಾದಿಗಳ ಹೊಣೆಯೂ ಹೌದು. ರೈತನನ್ನು ಒಂಟಿಯಾಗಿಸಿ ಮಂಗಟ್ಟೆಯನ್ನು ಉಳಿಸಲಾಗದು.

ಬಾವಲಿಯ ಪಾಡು ಇನ್ನೂ ಕಷ್ಟದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಐದನೆಯ ಪಟ್ಟಿಯಲ್ಲಿ ಇಲಿ, ಕಾಗೆಗಳ ಸಾಲಿನಲ್ಲಿ ಹಣ್ಣುತಿನ್ನುವ ಬಾವಲಿಯನ್ನೂ ಉಪದ್ರವ ಜೀವಿಯೆಂದು ಸೇರಿಸಲಾಗಿತ್ತು. ಅರ್ಧ ಶತಮಾನ ಅದು ಹಾಗೇ ಇತ್ತು. 2022ರ ತಿದ್ದುಪಡಿ ಆ ಪಟ್ಟಿಯನ್ನೇ ತೆಗೆದುಹಾಕಿತು. ಕಾನೂನು ಬದಲಾದ ವೇಗದಲ್ಲಿ ಜನರ ಭಯ ಬದಲಾಗಲಿಲ್ಲ. 2018ರಲ್ಲಿ ಕೋಝಿಕ್ಕೋಡಿನಲ್ಲಿ ನಿಪಾ ಜ್ವರ ಕಾಣಿಸಿಕೊಂಡಾಗ ನಮ್ಮೂರಿನವರೆಗೂ ಭೀತಿ ಹಬ್ಬಿತ್ತು. ಬಾವಲಿ ಕಚ್ಚಿದ ಹಣ್ಣು ತಿನ್ನಬಾರದು, ಹೆಕ್ಕಿದ ಅಡಿಕೆಯನ್ನು ಮಕ್ಕಳು ಬಾಯಿಗೆ ಹಾಕದಂತೆ ನೋಡಿಕೊಳ್ಳಬೇಕು, ಕೈ ತೊಳೆಯಬೇಕು. ಈ ಎಚ್ಚರಿಕೆ ಅಗತ್ಯ. ಬಾವಲಿಗಳು ನೆಲೆಸಿದ ಮರಕ್ಕೆ ಬೆಂಕಿ, ಪಟಾಕಿ ಹಚ್ಚುವುದು ಅಗತ್ಯವಲ್ಲ, ಅಪಾಯಕಾರಿ ಕೂಡ; ಬೆದರಿದ ಹಿಂಡು ಹತ್ತು ಕಡೆ ಚದುರುತ್ತದೆ. ತೆರೆದ ಬಯಲನ್ನು ದಾಟಿ ಹಾರುವಾಗಲೂ ಬೀಜ ಉದುರಿಸುವ ಪ್ರಾಣಿ ಬಾವಲಿ. ಕುಸಿದ ಇಳಿಜಾರಿನ ನಡುಭಾಗಕ್ಕೆ ಹೋಗಲು ಎಷ್ಟೋ ಹಕ್ಕಿಗಳು ಹಿಂಜರಿಯುತ್ತವೆ, ಬಾವಲಿ ಹಿಂಜರಿಯುವುದಿಲ್ಲ.

ನಮ್ಮ ಕೈಯಲ್ಲೇ ಇರುವ ನೆಲದ ಮಾತು ಇನ್ನು. ದಕ್ಷಿಣ ಕನ್ನಡದ ವರ್ಗ ಜಮೀನುಗಳಿಗೆ ಹೊಂದಿಕೊಂಡು ನೂರು ಗಜದ ವರೆಗಿನ ಕುಮ್ಕಿ, ಸೊಪ್ಪು ಸೌದೆಗಳ ಹಕ್ಕಿನ ನೆಲವಾಗಿ ಬಂದದ್ದು. ಅದೇ ಘಟ್ಟದ ಕಾಡಿಗೂ ಬಯಲಿನ ತೋಟಕ್ಕೂ ನಡುವಿನ ಸೇತುವೆ. ಕುಮ್ಕಿಯ ಗೋಳಿ, ನೇರಳೆ, ರಂಜೆ, ಹೆಬ್ಬಲಸುಗಳಲ್ಲಿ ತಂಗಿ ತಂಗಿಯೇ ಮಂಗಟ್ಟೆ ಒಂದು ಕಾಡಿನಿಂದ ಇನ್ನೊಂದಕ್ಕೆ ಹೋಗುವುದು. ಅಡಿಕೆಗೆ ಬೆಲೆ ಏರಿದ ವರ್ಷಗಳಲ್ಲಿ ಮಣ್ಣು ಅಗೆಯುವ ಯಂತ್ರ ನುಗ್ಗುತ್ತಿರುವುದು ಈ ಸೇತುವೆಯ ಮೇಲೆಯೇ. ನಾಗಬನಗಳ ಕಥೆಯೂ ಹೀಗೇ. ಬಳ್ಳಿ, ಬೇರು, ಹುತ್ತ, ತಂಪು ಎಲ್ಲವನ್ನೂ ಬಳಿದುಹಾಕಿ, ಸಿಮೆಂಟಿನ ಕಟ್ಟೆ ಕಟ್ಟ�ಿ, ಟೈಲ್ಸ್ ಹಾಸಿ, ಬನವೆಂದು ಹೆಸರು ಮಾತ್ರ ಉಳಿಸಿಕೊಂಡಿದ್ದೇವೆ. ಬನವನ್ನು ಮುಟ್ಟಬಾರದೆಂದು ಹಿರಿಯರು ಹಾಕಿದ ಕಟ್ಟುಪಾಡಿನ ಫಲವಾಗಿ ಅಲ್ಲಿ ಹಳೆಯ ಮರ ಉಳಿದಿತ್ತು, ಮರದಲ್ಲಿ ಪೊಟರೆಯಿತ್ತು. ಪುಂಜಾಲಕಟ್ಟೆಯಿಂದ ಚಾರ್ಮಾಡಿಗೆ ಹೆದ್ದಾರಿ ಅಗಲವಾಗುವಾಗ ಉರುಳಿದ ಸಾಲುಮರಗಳ ಲೆಕ್ಕದಲ್ಲಿ, ಒಂದಕ್ಕೆ ಇಷ್ಟು ಸಸಿಯೆಂದು ಬರೆದುಕೊಳ್ಳಬಹುದು. ಫಲ ಬಿಡುತ್ತಿದ್ದ ಮುದಿ ಗೋಳಿಮರಕ್ಕೆ ಎರಡಡಿಯ ಸಸಿ ಎಷ್ಟು ಸಂಖ್ಯೆಯಲ್ಲಿ ಸಮನಾದೀತೆಂದು ಯಾವ ಕೋಷ್ಟಕ ಹೇಳುತ್ತದೆ? ಆಲ, ಗೋಳಿ, ಅತ್ತಿಗಳ ವಿಶೇಷವೆಂದರೆ ಒಂದೇ ಊರಿನ ಬೇರೆ ಬೇರೆ ಮರಗಳು ಬೇರೆ ಬೇರೆ ತಿಂಗಳಲ್ಲಿ ಹಣ್ಣಾಗುತ್ತವೆ. ಉಳಿದ ಮರಗಳಲ್ಲಿ ಏನೂ ಇಲ್ಲದ ದಿನಗಳಲ್ಲಿ ಹಕ್ಕಿಗಳ ಜೀವ ಹಿಡಿದಿಡುವುದು ಅವೇ.

ಕಾಡುತ್ಪತ್ತಿ ಸಂಗ್ರಹಿಸುವವರಿಗೂ ಒಂದು ಮಾತು. ಉಪ್ಪಾಗೆಗೆ, ರಾಮಪತ್ರೆಗೆ ಪೇಟೆ ಕುದುರಿದಾಗ ಬಲಿಯದ ಕಾಯಿಯನ್ನೇ, ಕೆಲವೊಮ್ಮೆ ಕೊಂಬೆ ಸಮೇತ, ಕಿತ್ತು ತರುವುದು ನಡೆದಿದೆ. ಹೀಗೆ ಮಾಡಿದ ವರ್ಷ ಆ ಮರದ ಮಟ್ಟಿಗೆ ಬಿತ್ತನೆಯೇ ಇಲ್ಲ.

ಗಾಡ್ಗೀಳ್ ಸಮಿತಿಯ 2011ರ ವರದಿ, ಕಸ್ತೂರಿರಂಗನ್ ಸಮಿತಿಯ 2013ರ ವರದಿಗಳ ಸುತ್ತ ಯಾವ ಗ್ರಾಮ ಗೆರೆಯ ಒಳಗೆ, ಯಾವುದು ಹೊರಗೆ ಎಂಬ ಜಗಳವೇ ದೊಡ್ಡದಾಯಿತು. ಆ ಚರ್ಚೆ ಬೇರೆಯೇ ಆಗಬೇಕು. ಮಂಗಟ್ಟೆಗೆ ಗೆರೆ ಕಾಣುವುದಿಲ್ಲವೆಂದಷ್ಟೇ ಇಲ್ಲಿ ಹೇಳುತ್ತೇವೆ.

ಹಾಗೆಂದು ಎಲ್ಲವನ್ನೂ ಹಕ್ಕಿಗಳಿಗೆ ಬಿಟ್ಟು ಕೈಕಟ್ಟಿ ಕೂರಬಹುದೆಂಬುದು ನಮ್ಮ ವಾದವಲ್ಲ. ಹಕ್ಕಿಗೆ ಕಾಡುಗಿಡ, ಕಳೆಗಿಡವೆಂಬ ಭೇದವಿಲ್ಲ. ಲಂಟಾನವನ್ನು ಮೂಲೆಮೂಲೆಗೆ ಹಬ್ಬಿಸಿದ್ದರಲ್ಲಿ ಪಿಕಳಾರದ ಪಾಲು ದೊಡ್ಡದು. ಅಕೇಶಿಯಾದ ಬೀಜಕ್ಕೆ ಸುತ್ತಿಕೊಂಡ ಕಿತ್ತಳೆ ಬಣ್ಣದ ಎಳೆಯ ಆಸೆಗೆ ಹಕ್ಕಿಗಳು ಅದನ್ನೂ ಒಯ್ಯುತ್ತವೆ. ಸುತ್ತಮುತ್ತ ಏನಿದೆಯೋ ಅದನ್ನೇ ಅವು ಬಿತ್ತುತ್ತವೆ. ಹಳೆಯ ಕಾಡಿನ ಅಂಚಿನಲ್ಲೇ ಇರುವ ಕುಸಿತದ ಜಾಗವಾದರೆ ಉಪ್ಪಳಿಗೆಯಂಥ ಮುಂಚೂಣಿಯ ಮರಗಳು ತಾವೇ ಬಂದು, ಅವುಗಳ ನೆರಳಿಗೆ ಉಳಿದವು ಬರುತ್ತವೆ. ಅಲ್ಲಿ ಬೆಂಕಿ ಬೀಳದಂತೆ, ದನ ನುಗ್ಗದಂತೆ ಕಾದರೆ ಸಾಕು. ಗುಂಡಿ ತೋಡುವುದರಿಂದ ಸಡಿಲ ಮಣ್ಣು ಮತ್ತಷ್ಟು ಸಡಿಲವಾದೀತು. ಕಾಡಿನಿಂದ ದೂರ ಉಳಿದ ತುಣುಕುಗಳಲ್ಲಿ ಮಾತ್ರ ಮನುಷ್ಯ ನೆಡಲೇಬೇಕು. ತಮಿಳುನಾಡಿನ ವಾಲ್ಪಾರೈಯ ಚಹಾ, ಕಾಫಿ ತೋಟಗಳ ನಡುವಿನ ಮಳೆಕಾಡಿನ ತುಣುಕುಗಳಲ್ಲಿ ದಿವ್ಯಾ ಮುದ್ದಪ್ಪ, ಟಿ. ಆರ್. ಶಂಕರ್ ರಾಮನ್ ಮತ್ತು ಅವರ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ಸಂಗಡಿಗರು 2000ದ ದಶಕದ ಆರಂಭದಿಂದ ಮಾಡುತ್ತಿರುವುದು ಇದನ್ನೇ. ರಸ್ತೆಬದಿ ಬಿದ್ದು ಹಾಳಾಗುವ ಕಾಡುಬೀಜಗಳನ್ನು ಹೆಕ್ಕಿ, ತಾಜಾ ಇರುವಾಗಲೇ ನರ್ಸರಿಯಲ್ಲಿ ಸಸಿ ಮಾಡಿ, ಕಳೆ ತೆಗೆದು, ಹತ್ತಾರು ಸ್ಥಳೀಯ ಜಾತಿಗಳನ್ನು ಬೆರೆಸಿ ನೆಟ್ಟಿದ್ದಾರೆ. ಹಾಗೇ ಬಿಟ್ಟ ಜಾಗಗಳಿಗಿಂತ ನೆಟ್ಟ ಜಾಗಗಳು ಬೇಗ ಚೇತರಿಸಿಕೊಂಡಿವೆಯೆಂದು ಅಲ್ಲಿನ ಅಧ್ಯಯನಗಳು ಹೇಳುತ್ತವೆ. ಅವರು ನೆಟ್ಟದ್ದರಲ್ಲಿ ಮಂಗಟ್ಟೆ, ಸಿಂಗಳೀಕಗಳು ತಿನ್ನುವ ಹಣ್ಣಿನ ಮರಗಳೂ ಇವೆ ಎಂಬುದನ್ನು ಗಮನಿಸಬೇಕು.

ಈ ವರ್ಷದ ಮಟ್ಟಿಗೆ ನಮ್ಮ ಬಳಗ ಬೀಜದುಂಡೆಯ ಕಾರ್ಯಕ್ರಮವನ್ನು ಕೈಬಿಡಬೇಕೆಂಬುದು ನನ್ನ ಸಲಹೆ. ಅದರ ಬದಲು ಎರಡು ಕೆಲಸಗಳಾಗಲಿ. ಮೊದಲನೆಯದು, ಮುಂಡಾಜೆಯಿಂದ ಚಾರ್ಮಾಡಿಯ ವರೆಗೆ ಕುಮ್ಕಿ, ಬನ, ರಸ್ತೆಬದಿಗಳಲ್ಲಿ ಉಳಿದಿರುವ ಪೊಟರೆಯ ಮರಗಳನ್ನು ಗುರುತಿಸಿ, ಆ ನೆಲದವರೊಡನೆ ಕುಳಿತು ಮಾತನಾಡುವುದು. ಗೂಡಿನ ಜಾಗವನ್ನು ಪತ್ರಿಕೆಯಲ್ಲಿ ಅಚ್ಚು ಹಾಕುವುದು ಬೇಡ, ಕ್ಯಾಮೆರಾ ಹಿಡಿದವರ ಜಾತ್ರೆ ಸೇರುತ್ತದೆ. ಎರಡನೆಯದು, ಹಣ್ಣಿನ ಪಂಚಾಂಗ. ನಿಮ್ಮ ಗುಡ್ಡೆಯಲ್ಲಿ ಯಾವ ಮರ ಯಾವ ತಿಂಗಳು ಹಣ್ಣಾಗುತ್ತದೆ, ಯಾರು ಬಂದು ತಿನ್ನುತ್ತಾರೆ, ಯಾವ ತಿಂಗಳು ಏನೂ ಇರುವುದಿಲ್ಲ ಎಂಬುದನ್ನು ವರ್ಷವಿಡೀ ಬರೆದಿಟ್ಟು ನಮಗೆ ಕಳುಹಿಸಿ. ಏನೂ ಇಲ್ಲದ ತಿಂಗಳುಗಳಲ್ಲಿ ಹಣ್ಣಾಗುವ ಮರಗಳ ಸಸಿಯನ್ನೇ ಮುಂದಿನ ಮಳೆಗಾಲಕ್ಕೆ ಸಿದ್ಧಪಡಿಸೋಣ. ಮರದ ಹೆಸರು ತುಳುವಿನಲ್ಲಿರಲಿ, ಹವ್ಯಕದಲ್ಲಿ, ಚಿತ್ಪಾವನಿಯಲ್ಲಿ, ಮಲಯಾಳದಲ್ಲಿರಲಿ, ಅಡ್ಡಿಯಿಲ್ಲ. ಹೆಸರು ಗೊತ್ತಿಲ್ಲದಿದ್ದರೆ ಒಂದು ಎಲೆ, ಸಿಕ್ಕಿದರೆ ಒಂದು ಬೀಜ, ಹಳೆಯ ಲಕೋಟೆಯಲ್ಲಿಟ್ಟು ತಿಂಗಳ ಸಭೆಗೆ ಬರುವಾಗ ತಂದರೆ ಸಾಕು.